ಜೋನಿ ಮಿಚೆಲ್ ಜಾಝ್‌ನತ್ತ ಹೊರಳಿದ್ದೇಕೆ?

ಕೆನಡಾದ ಗಾಯಕಿ, ಗೀತರಚನೆಕಾರ್ತಿ ಜೋನಿ ಮಿಚೆಲ್ ಅವರ 1971ರ ‘ಬ್ಲೂ’ ಮತ್ತು 1979ರ ‘ಮಿಂಗಸ್’ ಆಲ್ಬಮ್‌ಗಳನ್ನು ಒಟ್ಟಿಗೆ ಕೇಳಿದರೆ, ಎರಡೂ ಒಬ್ಬರದೇ ಎಂದು ನಂಬುವುದು ಕಷ್ಟ. ಮೊದಲನೆಯದರಲ್ಲಿ ಒಂದು ಕಂಠ, ಗಿಟಾರ್ ಅಥವಾ ಪಿಯಾನೊ, ಅಷ್ಟೇ ಎನ್ನುವಷ್ಟು ಸರಳತೆ. ಎರಡನೆಯದರಲ್ಲಿ ವೇಯ್ನ್ ಶಾರ್ಟರ್, ಹರ್ಬಿ ಹ್ಯಾನ್‌ಕಾಕ್ ಅವರಂಥ ಜಾಝ್ ದಿಗ್ಗಜರು. ಕಾಲದ ರುಚಿಗೆ ತಕ್ಕಂತೆ ಆಕೆ ಬದಲಾದರು ಎಂಬ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಅಮೆರಿಕದ ಮಾರಾಟ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿದ್ದು 1974ರ ‘ಕೋರ್ಟ್ ಆ್ಯಂಡ್ ಸ್ಪಾರ್ಕ್’. ಜಾಝ್‌ನೊಳಕ್ಕೆ ಮುಂದೆ ಮುಂದೆ ಹೋದಂತೆ ಕೇಳುಗರು ಕಡಿಮೆಯಾದರೇ ಹೊರತು ಹೆಚ್ಚಲಿಲ್ಲ. ಆದ್ದರಿಂದ ಕಾರಣವನ್ನು ಹಾಡುಗಳ ಒಳಗೇ ಹುಡುಕಬೇಕು.

ಒಂಬತ್ತನೇ ವಯಸ್ಸಿನಲ್ಲಿ ಬಂದ ಪೋಲಿಯೊದಿಂದ ಮಿಚೆಲ್ ಅವರ ಎಡಗೈ ದುರ್ಬಲವಾಗಿತ್ತು. ಗಿಟಾರಿನ ರೂಢಿಯ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಹಿಡಿಯುವುದು ಕಷ್ಟವಾದಾಗ ಅವರು ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡರು. ಗಿಟಾರಿನ ಆರು ತಂತಿಗಳು ಸಾಮಾನ್ಯವಾಗಿ ಮಂದ್ರದಿಂದ ಇ, ಎ, ಡಿ, ಜಿ, ಬಿ, ಇ ಸ್ವರಗಳಲ್ಲಿರುತ್ತವೆ. ‘ಹೆಜೀರಾ’ ಆಲ್ಬಮ್‌ನ ‘ಕಯೋಟಿ’ ಹಾಡಿಗೆ ಅವರು ಇಟ್ಟುಕೊಂಡದ್ದು ಸಿ, ಜಿ, ಡಿ, ಎಫ್, ಸಿ, ಇ. ಹೀಗೆ ಕೂಡಿಸಿದ ಗಿಟಾರಿನಲ್ಲಿ ಬೆರಳಿಡದೆ ಮೀಟಿದರೂ ಹೊಮ್ಮುವುದು ಪಠ್ಯಪುಸ್ತಕದ ಕಾರ್ಡ್ ಅಲ್ಲ.

ಅವರಿಗೆ ಪ್ರಿಯವಾದ ಸಸ್ಪೆಂಡೆಡ್ ಕಾರ್ಡ್‌ಗಳನ್ನು ನಮ್ಮ ಸ್ವರಗಳಲ್ಲಿ ಹೀಗೆ ತಿಳಿಯಬಹುದು: ಷಡ್ಜ, ಗಾಂಧಾರ, ಪಂಚಮಗಳು ಕೂಡಿದ ಮೇಳದಿಂದ ಗಾಂಧಾರವನ್ನು ತೆಗೆದು ಅಲ್ಲಿ ರಿಷಭವನ್ನೋ ಮಧ್ಯಮವನ್ನೋ ಇಟ್ಟರೆ, ಅದು ಅಂತರ ಗಾಂಧಾರದ ಮೇಜರ್ ಎಂದೂ ಸಾಧಾರಣ ಗಾಂಧಾರದ ಮೈನರ್ ಎಂದೂ ಹೇಳಲಾಗದ ಸ್ಥಿತಿಯಲ್ಲಿ ನಿಲ್ಲುತ್ತದೆ. ಇಂಥ ಕಾರ್ಡ್ ಇನ್ನೊಂದು ಇಂಥದೇ ಕಾರ್ಡ್‌ಗೆ ಸರಿಯುತ್ತ ಹೋದಾಗ, ಪ್ರತಿ ಬಾರಿಯೂ ಮೂಲಸ್ವರವನ್ನು ಒತ್ತಿ ನುಡಿಸುವ ರಾಕ್ ಸಂಗೀತದ ಬೇಸ್ (ಮಂದ್ರಸ್ವರದ ಗಿಟಾರ್) ವಾದಕರು ಹಾಡನ್ನು ನೆಲಕ್ಕೆ ಕಟ್ಟಿಹಾಕಿದಂತಾಗುತ್ತಿತ್ತು. ಜಾಝ್ ಡ್ರಮ್ಮರ್‌ಗಳನ್ನು ಹುಡುಕಿಕೊಳ್ಳಿ ಎಂದು ಡ್ರಮ್ಮರ್ ರಸ್ ಕಂಕೆಲ್ ಸಲಹೆಯಿತ್ತುದನ್ನು ಮಿಚೆಲ್ ಅವರೇ ಹೇಳಿಕೊಂಡಿದ್ದಾರೆ. ‘ಕೋರ್ಟ್ ಆ್ಯಂಡ್ ಸ್ಪಾರ್ಕ್’ನಲ್ಲಿ ಟಾಮ್ ಸ್ಕಾಟ್ ಅವರ ಎಲ್.ಎ. ಎಕ್ಸ್‌ಪ್ರೆಸ್ ಎಂಬ ಜಾಝ್ ತಂಡ ಬಂದದ್ದು ಈ ಹುಡುಕಾಟದ ಫಲ.

ನಿಜವಾದ ಜೊತೆಗಾರ ಸಿಕ್ಕಿದ್ದು 1976ರ ‘ಹೆಜೀರಾ’ದಲ್ಲಿ. ಅದರ ಒಂಬತ್ತು ಹಾಡುಗಳ ಪೈಕಿ ನಾಲ್ಕರಲ್ಲಿ ಜಾಕೊ ಪಾಸ್ಟೋರಿಯಸ್ ಫ್ರೆಟ್‌ಗಳಿಲ್ಲದ, ಅಂದರೆ ಸ್ವರಸ್ಥಾನಗಳನ್ನು ಬೇರ್ಪಡಿಸುವ ಪಟ್ಟಿಗಳಿಲ್ಲದ ಬೇಸ್ ನುಡಿಸಿದ್ದಾರೆ. ಸ್ವರದಿಂದ ಸ್ವರಕ್ಕೆ ಜಾರುವ ಆ ವಾದ್ಯ ತಾಳದ ಆಸರೆಯಾಗಿ ಹಿಂದೆ ನಿಲ್ಲದೆ, ಕಂಠದ ಎದುರು ಇನ್ನೊಂದು ಕಂಠವಾಗಿ ಮಾತಾಡುತ್ತದೆ. ಸಾಹಿತ್ಯಕ್ಕೂ ಇದು ಬೇಕಾಗಿತ್ತು. ಮೇನ್ ರಾಜ್ಯದಿಂದ ಲಾಸ್ ಏಂಜಲೀಸ್‌ಗೆ ಒಬ್ಬರೇ ಕಾರಿನಲ್ಲಿ ಹೊರಟ ಪಯಣದಲ್ಲಿ ಹುಟ್ಟಿದ ಈ ಹಾಡುಗಳ ಸಾಲುಗಳು ಆಡುಮಾತಿನಂತೆ ಉದ್ದುದ್ದ ಹರಿಯುತ್ತವೆ. ‘ಸಾಂಗ್ ಫಾರ್ ಶರಾನ್’ ಎಂಟು ನಿಮಿಷಕ್ಕೂ ಹೆಚ್ಚು ಹೊತ್ತು ಸಾಗುತ್ತದೆ.

‘ಮಿಂಗಸ್’ ಮಾತ್ರ ಬೇರೆ ಬಗೆಯದು. ಮರಣದ ಅಂಚಿನಲ್ಲಿದ್ದ ಜಾಝ್ ಬೇಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ತಾವೇ ರಾಗ ಕೂಡಿಸಿ ಮಿಚೆಲ್ ಅವರನ್ನು ಕರೆದರು. ಆ ರಾಗಗಳಿಗೆ ಆಕೆ ಸಾಹಿತ್ಯ ಬರೆದರು. ಅಲ್ಲಿ ಜಾಝ್ ಹೊರಗಿನಿಂದ ಬಂದದ್ದರಿಂದಲೇ ಏನೋ, ‘ಹೆಜೀರಾ’ದ ಸಹಜತೆ ನನಗೆ ಅದರಲ್ಲಿ ಕಾಣುವುದಿಲ್ಲ. ಹೊಸದಾಗಿ ಕೇಳುವವರು ‘ಕಯೋಟಿ’ಯನ್ನು ಮೊದಲ ಸಲ ಗಿಟಾರಿಗಾಗಿ, ಎರಡನೆಯ ಸಲ ಬೇಸ್‌ಗಾಗಿ ಮಾತ್ರ ಕೇಳಿ, ಆಮೇಲೆ ‘ಮಿಂಗಸ್’ಗೆ ಹೋಗುವುದು ಒಳ್ಳೆಯದು.