ಹೈವೇಲಿ ಓಡೋ ಗಾಡಿ ಘಾಟಿಲಿ ಯಾಕೆ ಎಳೆಯಲ್ಲ?

ಹೋದ ಮಳೆಗಾಲದಲ್ಲಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಹಳೇ ಡೀಸೆಲ್ ಕಾರು ಎರಡನೇ ಗೇರಲ್ಲಿ ಎಳೀಲೇ ಇಲ್ಲ. ಹೇರ್‌ಪಿನ್ ತಿರುವಲ್ಲಿ ಸ್ಪೀಡ್ ಇಳಿಸಿ ಮತ್ತೆ ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಪಿಕಪ್ಪೇ ಇಲ್ಲ, ಹಿಂದೆ ಬಸ್ಸು ಹಾರ್ನ್ ಹೊಡೀತಿದೆ, ಅಮ್ಮ ಹೆದರಿ ಬಾಗಿಲು ಹಿಡ್ಕೊಂಡು ಕೂತಿದ್ರು. ವಿಚಿತ್ರ ಅಂದ್ರೆ ಘಾಟಿ ಮುಗಿದು ಹಾಸನ ದಾಟಿದ ಮೇಲೆ ಅದೇ ಗಾಡಿ 80ರಲ್ಲಿ ಸಲೀಸಾಗಿ ಓಡ್ತು.

ಗ್ಯಾರೇಜಲ್ಲಿ ಗಾಡಿ ಓಡಿಸಿ ನೋಡದೇನೇ ಕ್ಲಚ್ ಪ್ಲೇಟ್ ಹೋಗಿದೆ ಅಂದ್ರು. ನಂಬಿ ಹಾಕಿಸ್ದೆ, ದುಡ್ಡು ಹೋಯ್ತು, ಪಿಕಪ್ ಬರಲಿಲ್ಲ. ಅದು ಕ್ಲಚ್ ಅಲ್ಲ ಅಂತ ಮೊದಲೇ ಗೊತ್ತಾಗಬಹುದಿತ್ತು ನೋಡಿ. ಕ್ಲಚ್ ಜಾರೋಕೆ ಶುರುವಾದ್ರೆ ಸಾಮಾನ್ಯವಾಗಿ ಮೊದಲು ಕಾಣಿಸೋದು ಮೇಲಿನ ಗೇರುಗಳಲ್ಲಿ, ಯಾಕಂದ್ರೆ ಅಲ್ಲಿ ಚಕ್ರಗಳು ಎಂಜಿನ್ನಿಗೆ ಜಾಸ್ತಿ ಎದುರು ನಿಲ್ತವೆ. ನಾಲ್ಕನೇ ಗೇರಲ್ಲಿ 50ರಿಂದ ಒಮ್ಮೆಲೇ ಒತ್ತಿದಾಗ ಆರ್‌ಪಿಎಮ್ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸೋದು) ಮಾತ್ರ ಜಿಗಿದು ಸ್ಪೀಡು ಏರಲಿಲ್ಲ ಅಂದ್ರೆ ಕ್ಲಚ್ ಮೇಲೆ ಅನುಮಾನ ಪಡಿ. ನಮ್ಮದರಲ್ಲಿ ಮುಳ್ಳೇ ಏರ್ತಾ ಇರಲಿಲ್ಲ. ಅಂದ್ರೆ ಎಂಜಿನ್ನೇ ಶಕ್ತಿ ಕೊಡ್ತಿಲ್ಲ, ಇಲ್ಲಾ ಚಕ್ರವನ್ನ ಯಾವುದೋ ಹಿಡ್ಕೊಂಡಿದೆ.

ಚಕ್ರ ಹಿಡ್ಕೊಂಡಿದ್ಯಾ ಅಂತ ನೋಡೋದು ಸುಲಭ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಮಾಡಿ ಒಬ್ರು ಒಳಗೆ ಕೂತ್ಕೊಂಡು ಇನ್ನೊಬ್ರು ತಳ್ಳಿದ್ರೆ ಉರುಳಬೇಕು. ಹತ್ತು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ರಿಮ್ಮಿನ ಹತ್ರ ಕೈ ಹಿಡೀರಿ, ಮುಟ್ಟಬೇಡಿ, ಒಂದು ಚಕ್ರ ಮಾತ್ರ ಕಾಯ್ದಿದ್ರೆ ಅಲ್ಲಿ ಬ್ರೇಕ್ ಜಾಮ್. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹೀಗಾಗೋದುಂಟು. ನಮ್ಮದು ಸಲೀಸಾಗಿ ಉರುಳ್ತು.

ಹಂಗಾದ್ರೆ ಉಳಿದಿದ್ದು ಎಂಜಿನ್, ಅದರಲ್ಲೂ ಗಾಳಿ. ಜನ ತುಂಬಿ 1300 ಕಿಲೋ ತೂಗೋ ಕಾರು ಹತ್ತು ಮೀಟರಿಗೆ ಒಂದು ಮೀಟರ್ ಏರೋ ರಸ್ತೇಲಿ ಹೋಗ್ತಿದ್ರೆ, ಹಿಂದಿನಿಂದ ಹತ್ರ ಹತ್ರ 130 ಕಿಲೋ ತೂಕ ಕಟ್ಟಿ ಜಗ್ಗಿದ ಹಾಗೆ. ನಮ್ಮ 1.3 ಲೀಟರ್ ಎಂಜಿನ್ನು 190 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಗಿಸೋ ಬಲ, ಕೊಡೋದು 2000 ಆರ್‌ಪಿಎಮ್‌ನಲ್ಲಿ, ಅದೂ ಎಂಜಿನ್ ಹೊಗೆಯ ಬಲದಲ್ಲಿ ತಿರುಗೋ ಟರ್ಬೋ ಗಾಳಿ ಒತ್ತಿ ತುಂಬಿದ್ರೆ ಮಾತ್ರ. ತಿರುವಲ್ಲಿ 1300 ಆರ್‌ಪಿಎಮ್‌ಗೆ ಇಳಿದಾಗ ಟರ್ಬೋ ತಿರುಗಿಸೋಕೆ ಬೇಕಾದಷ್ಟು ಹೊಗೆಯೇ ಬರ್ತಿರಲ್ಲ, ಅಲ್ಪಸ್ವಲ್ಪ ಒತ್ತಿದ ಗಾಳೀನೂ ಎಲ್ಲೋ ಸೋರಿಬಿಟ್ರೆ ಎಂಜಿನ್ ಟರ್ಬೋ ಇಲ್ಲದ ಪುಟ್ಟ ಡೀಸೆಲ್ ಆಗಿಬಿಡುತ್ತೆ. ಹೈವೇಲಿ ಇದು ಗೊತ್ತಾಗಲ್ಲ, ಸಮತಟ್ಟಲ್ಲಿ 80ಕ್ಕೆ ಎಂಜಿನ್ನಿನ ಕಾಲು ಭಾಗ ಶಕ್ತಿ ಕೂಡ ಬೇಕಾಗಲ್ಲ, ಅಷ್ಟರಲ್ಲಿ ಆರ್‌ಪಿಎಮ್ಮೂ ಮೇಲಿರುತ್ತೆ. ಏರ್ ಫಿಲ್ಟರ್ ಕಟ್ಟಿದ್ರೆ ಕತೆ ಸಾಮಾನ್ಯವಾಗಿ ಉಲ್ಟಾ, ಜಾಸ್ತಿ ಗಾಳಿ ಬೇಕಾಗೋ ಮೇಲಿನ ಆರ್‌ಪಿಎಮ್‌ನಲ್ಲೇ ಅದು ಮೊದಲು ಉಸಿರುಗಟ್ಟಿಸೋದು. ಅದಕ್ಕೇ ಯಾವ ಆರ್‌ಪಿಎಮ್‌ನಲ್ಲಿ ತೊಂದ್ರೆ ಅನ್ನೋದು ಯಾವ ಗೇರಲ್ಲಿ ಅನ್ನೋದಕ್ಕಿಂತ ಮುಖ್ಯ ಅಂತ ನನಗನ್ಸೋದು.

ಸ್ವಲ್ಪ ಹೊಗೆನ ಎಂಜಿನ್ನಿಗೆ ವಾಪಸ್ ಬಿಡೋ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತ್ರೂ ಇದೇ ಲಕ್ಷಣ. ಸುಟ್ಟ ಹೊಗೆನೇ ಮತ್ತೆ ಒಳಗೆ ಬರುತ್ತೆ, ಆಮ್ಲಜನಕ ಕಮ್ಮಿ, ಸೈಲೆನ್ಸರಲ್ಲಿ ಕಪ್ಪು ಹೊಗೆ.

ಕೊನೆಗೆ ಒಂದು ಬ್ಲೂಟೂತ್ ಸ್ಕ್ಯಾನರ್ ತಗೊಂಡು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಲ್ಲಿ ಗಾಳಿ ಒತ್ತಡ ನೋಡ್ದೆ. ಬೆಂಗಳೂರಲ್ಲಿ ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ 91 ಕಿಲೋಪಾಸ್ಕಲ್ ತೋರಿಸ್ತು. ಊರು ಸುಮಾರು 900 ಮೀಟರ್ ಎತ್ತರದಲ್ಲಿರೋದ್ರಿಂದ ಅದು ಸರಿ, ಮಂಗಳೂರಲ್ಲಾದ್ರೆ 100ರ ಆಸುಪಾಸು ಬರುತ್ತೆ. ತಮ್ಮನ್ನ ಓಡಿಸೋಕೆ ಹೇಳಿ ನಾನು ಪಕ್ಕದಲ್ಲಿ ಕೂತು ಫ್ಲೈಓವರ್ ಏರುವಾಗ ನೋಡಿದ್ರೆ 130 ದಾಟ್ಲಿಲ್ಲ, ಅಂದ್ರೆ ಟರ್ಬೋ ಒತ್ತಿದ ಗಾಳಿ ಪೂರ್ತಿ ಎಂಜಿನ್ನಿಗೆ ಸೇರ್ತಿಲ್ಲ. ಬಾನೆಟ್ ತೆಗೆದು ಟರ್ಬೋದಿಂದ ಇಂಟರ್‌ಕೂಲರ್‌ಗೆ (ಒತ್ತಿದ ಗಾಳಿ ತಣಿಸೋ ಭಾಗ) ಹೋಗೋ ರಬ್ಬರ್ ಹೋಸ್ ಮುಟ್ಟಿದ್ರೆ ಕೆಳಗಡೆ ಎಣ್ಣೆ ಜಿಡ್ಡು, ಬಗ್ಗಿಸಿದ್ರೆ ಬೆರಳುದ್ದ ಸೀಳು. ಸುಮ್ಮನೆ ನಿಂತಿದ್ದಾಗ ಮುಚ್ಕೊಳ್ಳುತ್ತೆ, ಒತ್ತಡ ಬಿದ್ರೆ ಬಾಯಿ ಬಿಡುತ್ತೆ, ಹಾಗಾಗಿ ಮೇಲಿಂದ ನೋಡಿದೋರಿಗೆ ಕಾಣೋದೇ ಇಲ್ಲ.

ಹೊಸ ಹೋಸ್ ಹಾಕಿ ಕ್ಲಿಪ್ ಬಿಗಿದ ಮೇಲೆ ಅದೇ ಫ್ಲೈಓವರಲ್ಲಿ 205 ಬಂತು. ಮುಂದಿನ ತಿಂಗಳು ಅಮ್ಮನ್ನ ಕರ್ಕೊಂಡು ಮತ್ತೆ ಚಾರ್ಮಾಡಿ ಹತ್ತಿದ್ವಿ, ಎರಡನೇ ಗೇರಲ್ಲೇ.