ಸರ್ವಿಸ್ ಆದ ಮೇಲೆ ಡಿಸ್ಕ್ ಬ್ರೇಕ್ ಏಕೆ ಹಿಡಿಯುವುದಿಲ್ಲ?

"ಅಣ್ಣ, ಮೊನ್ನೆ ತಾನೇ ಪೂರ್ತಿ ಸರ್ವಿಸ್ ಮಾಡಿಸಿದ್ದೇನೆ. ಅದಕ್ಕೂ ಮೊದಲು ಬ್ರೇಕ್ ಚೆನ್ನಾಗಿಯೇ ಇತ್ತು, ಈಗ ಎಷ್ಟು ಒತ್ತಿದರೂ ಹಿಡಿಯುತ್ತಿಲ್ಲ." ಚಿಕ್ಕಬಳ್ಳಾಪುರದ ನನ್ನ ಸೈಕಲ್ ರಿಪೇರಿ ಅಂಗಡಿಗೆ ಬರುವ ಡಿಸ್ಕ್ ಬ್ರೇಕ್ ದೂರುಗಳಲ್ಲಿ ಹೆಚ್ಚಿನವು ಹೀಗೆಯೇ ಶುರುವಾಗುತ್ತವೆ. ಹೇಳುವವರಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದಾರೆ, ಭಾನುವಾರ ನಂದಿ ಬೆಟ್ಟ ಹತ್ತಲು ಬರುವ ಬೆಂಗಳೂರಿನವರಿದ್ದಾರೆ, ಮಗಳ ಸೈಕಲ್ಲನ್ನು ತಳ್ಳಿಕೊಂಡು ಬರುವ ತಂದೆಯರೂ ಇದ್ದಾರೆ. ಸರ್ವಿಸ್ ಮಾಡಿದವನು ಮೋಸ ಮಾಡಿದ ಎಂಬ ಸಿಟ್ಟು ಎಲ್ಲರ ಮಾತಿನಲ್ಲೂ ಇರುತ್ತದೆ. ಮೋಸ ಇರುವುದು ಅಪರೂಪ. ಎಣ್ಣೆ, ಗ್ರೀಸ್, ಪಾಲಿಶ್, ಹೊಸ ಪ್ಯಾಡ್, ಹೊಸ ಕೇಬಲ್ ಇವೆಲ್ಲ ಒಂದೇ ದಿನ ಬ್ರೇಕಿನ ಹತ್ತಿರ ಸುಳಿಯುವುದು ಸರ್ವಿಸ್ ದಿನವೇ. ಆದ್ದರಿಂದ ತೊಂದರೆಯೂ ಆ ದಿನವೇ ಹುಟ್ಟುತ್ತದೆ.

ಡಿಸ್ಕ್ ಎಂದರೆ ಚಕ್ರದ ನಡುವೆ ಅದರ ಜೊತೆ ತಿರುಗುವ ಲೋಹದ ತಟ್ಟೆ; ಲಿವರ್ ಒತ್ತಿದಾಗ ಎರಡು ಪ್ಯಾಡ್ ಅದನ್ನು ಎರಡೂ ಬದಿಯಿಂದ ಹಿಸುಕಿ ನಿಲ್ಲಿಸುತ್ತವೆ. ಯಾವ ಬೋಲ್ಟನ್ನೂ ಬಿಚ್ಚುವ ಮೊದಲು ಲಿವರನ್ನು ಒತ್ತಿ ನೋಡಿ. ಉತ್ತರದ ಅರ್ಧ ಭಾಗ ಅಲ್ಲೇ ಸಿಗುತ್ತದೆ. ಲಿವರ್ ಅರ್ಧ ದೂರ ಬಂದು ಗಟ್ಟಿಯಾಗಿ ನಿಲ್ಲುತ್ತದೆ, ಆದರೂ ಸೈಕಲ್ ನಿಲ್ಲದೆ ಜಾರುತ್ತದೆ ಎಂದರೆ ನಿಮ್ಮ ಬೆರಳಿನ ಬಲ ಪ್ಯಾಡಿನವರೆಗೆ ಸರಿಯಾಗಿ ತಲುಪುತ್ತಿದೆ. ಕೊರತೆ ಇರುವುದು ಪ್ಯಾಡ್ ಮತ್ತು ಡಿಸ್ಕ್ ನಡುವಿನ ಘರ್ಷಣೆಯಲ್ಲಿ. ಲಿವರ್ ಮೆತ್ತಗೆ ಬಂದು ಹ್ಯಾಂಡಲ್‌ಗೆ ತಾಗುತ್ತದೆ ಎಂದರೆ ಬಲ ದಾರಿಯಲ್ಲೇ ಕಳೆದುಹೋಗುತ್ತಿದೆ. ಕೇಬಲ್, ಗಾಳಿಗುಳ್ಳೆ, ಸವೆದ ಪ್ಯಾಡ್ ಇವುಗಳಲ್ಲಿ ಒಂದನ್ನು ಹುಡುಕಬೇಕು. ಇವೆರಡು ಬೇರೆ ಬೇರೆ ಕಾಯಿಲೆಗಳು. ಮೊದಲನೆಯದಕ್ಕೆ ಎರಡನೆಯದರ ಮದ್ದು ಕೊಟ್ಟು, ಅಂದರೆ ಕೇಬಲ್ ಬಿಗಿ ಮಾಡಿ ಮಾಡಿ, ಕೊನೆಗೆ ಕೇಬಲ್ ಎಳೆಗಳೇ ಕಿತ್ತುಬಂದ ಸೈಕಲ್‌ಗಳನ್ನು ನೋಡಿದ್ದೇನೆ.

ಮೊದಲ ಕಾಯಿಲೆಯೇ ಹೆಚ್ಚು, ಅದರಲ್ಲೂ ಎಣ್ಣೆಯದು. ಚೈನಿಗೆ ಸ್ಪ್ರೇ ಡಬ್ಬಿಯಿಂದ ಎಣ್ಣೆ ಹೊಡೆಯುವಾಗ ಅದರ ಸಣ್ಣ ಹನಿಗಳು ಹಿಂದಿನ ಡಿಸ್ಕ್ ಮೇಲೆ ಕೂರುತ್ತವೆ. ಚೈನ್ ಇರುವುದು ಬಲಕ್ಕೆ, ಡಿಸ್ಕ್ ಇರುವುದು ಎಡಕ್ಕೆ, ಆದರೂ ಕಡ್ಡಿಗಳ ನಡುವಿನಿಂದ ಮಂಜಿನಂತೆ ತೂರಿಹೋಗುತ್ತದೆ. ಇನ್ನೊಂದು ದಾರಿ ನಮ್ಮ ಊರುಗಳಲ್ಲಿ ಬಹಳ ಸಾಮಾನ್ಯ: ಮೋಟಾರ್ ಬೈಕ್ ತೊಳೆಯುವ ವಾಟರ್ ಸರ್ವಿಸ್ ಅಂಗಡಿಗೆ ಸೈಕಲ್ಲನ್ನೂ ಕೊಡುವುದು. ಅಲ್ಲಿ ತೊಳೆದಾದ ಮೇಲೆ ಹೊಳಪಿಗೆಂದು ಡೀಸೆಲ್ ಅಥವಾ ಪಾಲಿಶ್ ಸಿಂಪಡಿಸುತ್ತಾರೆ. ಸೈಕಲ್ ಮಿರಮಿರ ಮಿನುಗುತ್ತದೆ, ಬ್ರೇಕ್ ಸತ್ತಿರುತ್ತದೆ. ಕಿರುಗುಟ್ಟುವ ಸದ್ದು ನಿಲ್ಲಲಿ ಎಂದು ಡಿಸ್ಕ್‌ಗೇ ಎಣ್ಣೆ ಬಿಡುವವರೂ ಇದ್ದಾರೆ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ, ಮಾಡಲು ಬಿಡಬೇಡಿ. ಮುಂದಿನ ಇಳಿಜಾರಿನಲ್ಲಿ ಆ ಸೈಕಲ್ ನಿಲ್ಲುವುದಿಲ್ಲ.

ಗುರುತಿಸುವುದು ಕಷ್ಟವಲ್ಲ. ಒಗೆದ ಬಿಳಿ ಬಟ್ಟೆಯಿಂದ ಡಿಸ್ಕನ್ನು ಒರೆಸಿ. ಒಣ ಕಪ್ಪು ಪುಡಿ ಬಂದರೆ ಅದು ಪ್ಯಾಡಿನ ಸವೆತ, ಸಹಜ. ಜಿಡ್ಡಿನ ಕಂದು ಕಲೆ ಮೂಡಿದರೆ ಎಣ್ಣೆ ತಗುಲಿದೆ. ಅಂಥ ಬ್ರೇಕ್ ಒತ್ತಿದಾಗ ಸಾಮಾನ್ಯವಾಗಿ ಕಿರುಚುತ್ತದೆ ಕೂಡ.

ಡಿಸ್ಕ್ ತೊಳೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಇದನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಮೊಬೈಲ್ ರಿಪೇರಿ ಮಾಡುವವರು ಬೋರ್ಡ್ ತೊಳೆಯಲು ಇದನ್ನೇ ಬಳಸುತ್ತಾರೆ, ಅವರಿಗೆ ಸಾಮಾನು ಒದಗಿಸುವ ಅಂಗಡಿಗಳಲ್ಲಿ ಕೇಳಿ. ಸೀಮೆಎಣ್ಣೆ, ಡೀಸೆಲ್ ಬೇಡ, ಅವೇ ಜಿಡ್ಡು. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ, ಚರ್ಮ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ಬಟ್ಟೆಯ ಒಂದೊಂದು ಮಗ್ಗುಲನ್ನು ಒಂದೇ ಸಲ ಬಳಸಿ, ಕಲೆ ಬರುವುದು ನಿಲ್ಲುವವರೆಗೆ ಒರೆಸಿ. ಆಮೇಲೆ ಡಿಸ್ಕನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಎಣ್ಣೆಯೂ ಎಣ್ಣೆಯೇ.

ಪ್ಯಾಡ್ ವಿಷಯ ಇಷ್ಟು ಸುಲಭವಲ್ಲ. ಪ್ಯಾಡಿನ ಒಳಗೆ ಸಣ್ಣ ರಂಧ್ರಗಳಿವೆ, ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಮೇಲ್ಮೈ ಮಾತ್ರ ಗಾಜಿನಂತೆ ಮಿನುಗುತ್ತಿದ್ದರೆ ಸಮತಟ್ಟಾದ ಕಲ್ಲಿನ ಮೇಲೆ ಎಮರಿ ಪೇಪರ್ ಹಾಸಿ ನಾಲ್ಕಾರು ಬಾರಿ ಉಜ್ಜಿದರೆ ಸಾಕು; ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಣ್ಣೆ ಒಳಗಿಳಿದಿದ್ದರೆ ಉಜ್ಜಿದರೂ ಎರಡು ದಿನದಲ್ಲಿ ಮತ್ತೆ ಮೇಲೆ ಬರುತ್ತದೆ. ಅಂಥದ್ದನ್ನು ಗ್ಯಾಸ್ ಒಲೆಯ ಮೇಲಿಟ್ಟು ಸುಡುವ ಉಪಾಯವನ್ನು ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ಯಾಡಿನ ಪದಾರ್ಥವನ್ನು ಹಿಂದಿನ ಲೋಹದ ತಗಡಿಗೆ ಕೂಡಿಸಿರುವ ಬಂಧ ಆ ಬೆಂಕಿಗೆ ಸಡಿಲವಾಗಬಹುದು, ಹಾಗೆ ಕಳಚಿಕೊಂಡರೆ ಕಳಚುವುದು ಬ್ರೇಕ್ ಜೋರಾಗಿ ಒತ್ತಿದ ಗಳಿಗೆಯಲ್ಲೇ. ಹೊಸ ಜೋಡಿ ಹಾಕಿ. ಆದರೆ ಮೊದಲು ಡಿಸ್ಕ್ ತೊಳೆಯಿರಿ, ಇಲ್ಲವಾದರೆ ಹೊಸ ಪ್ಯಾಡ್ ಹಳೆಯ ಎಣ್ಣೆಯನ್ನು ಕುಡಿದು ಅದೇ ಗತಿಗೆ ಬರುತ್ತದೆ.

ಎಣ್ಣೆಯ ಸುಳಿವೇ ಇಲ್ಲ, ಪ್ಯಾಡ್ ಹೊಚ್ಚ ಹೊಸದು, ಲಿವರ್ ಗಟ್ಟಿಯಾಗಿದೆ, ಆದರೂ ಹಿಡಿಯುತ್ತಿಲ್ಲವೇ? ಹಾಗಿದ್ದರೆ ಅದನ್ನು ಇನ್ನೂ ಪಳಗಿಸಿಲ್ಲ. ಹೊಸ ಪ್ಯಾಡಿನ ಪದಾರ್ಥದ ತೆಳುವಾದ ಪದರ ಡಿಸ್ಕ್ ಮೇಲೆ ಸಮನಾಗಿ ಕೂತ ಮೇಲೆಯೇ ಪೂರ್ತಿ ಹಿಡಿತ ಬರುವುದು. ವಾಹನ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗಕ್ಕೆ ಬನ್ನಿ, ಒಂದೇ ಬ್ರೇಕನ್ನು ಹದವಾಗಿ ಒತ್ತಿ ನಡಿಗೆಯ ವೇಗಕ್ಕೆ ಇಳಿಸಿ, ಚಕ್ರ ಲಾಕ್ ಆಗಲು ಬಿಡದೆ, ಪೂರ್ತಿ ನಿಲ್ಲದೆ ಬ್ರೇಕ್ ಬಿಡಿ. ಹೀಗೆ ಒಂದೊಂದು ಚಕ್ರಕ್ಕೆ ಸುಮಾರು 20 ಬಾರಿ. ಹಿಡಿತ ಹೆಚ್ಚುತ್ತಾ ಹೋಗುವುದು ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಸರ್ವಿಸ್ ಅಂಗಡಿಯವರು ಇದನ್ನು ಮಾಡಿಕೊಡುವುದಿಲ್ಲ, ಮಾಡಬೇಕು ಎಂದೂ ಹೇಳುವುದಿಲ್ಲ. ನನಗೆ ನಿಜಕ್ಕೂ ಬೇಸರ ತರಿಸುವುದು ಇದೇ. ಪ್ಯಾಡ್ ಬದಲಿಸಿದವನು ಇದನ್ನು ಒಂದು ಮಾತಿನಲ್ಲಿ ತಿಳಿಸುವುದು ಕೆಲಸದ ಭಾಗವೇ ಆಗಬೇಕು.

ಇನ್ನು ಲಿವರ್ ಹ್ಯಾಂಡಲ್ ಮುಟ್ಟುವ ಕಾಯಿಲೆ. ಇಲ್ಲಿ ನಿಮ್ಮದು ತಂತಿ ಎಳೆಯುವ ಕೇಬಲ್ ಬ್ರೇಕೋ, ಕೊಳವೆಯಲ್ಲಿನ ದ್ರವ ಒತ್ತುವ ಹೈಡ್ರಾಲಿಕ್ಕೋ ಎಂದು ಮೊದಲು ನೋಡಿ.

ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಕೇಬಲ್ ಬ್ರೇಕೇ ಹೆಚ್ಚು. ಅವುಗಳ ಪ್ಯಾಡ್ ಹಿಡಿದಿರುವ ಭಾಗವಾದ ಕ್ಯಾಲಿಪರ್‌ನಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಕಡ್ಡಿಗಳ ಕಡೆಯ ಪ್ಯಾಡ್ ನಿಂತಲ್ಲೇ ನಿಂತಿರುತ್ತದೆ. ಚಲಿಸುವ ಪ್ಯಾಡ್ ಡಿಸ್ಕನ್ನು ಬಾಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಈ ಒಳಗಿನ ಪ್ಯಾಡ್ ಡಿಸ್ಕ್‌ನಿಂದ ದೂರವಿದ್ದರೆ ನಿಮ್ಮ ಬಲವೆಲ್ಲ ಡಿಸ್ಕ್ ಬಾಗಿಸುವುದಕ್ಕೇ ಖರ್ಚಾಗುತ್ತದೆ. ಸರ್ವಿಸ್‌ನಲ್ಲಿ ತಪ್ಪಿಹೋಗುವ ಹೊಂದಾಣಿಕೆ ಬಹುತೇಕ ಇದೇ, ಏಕೆಂದರೆ ಅದರ ಸ್ಕ್ರೂ ಕಡ್ಡಿಗಳ ನಡುವಿನಿಂದ ಕೈ ತೂರಿಸಿ ತಿರುಗಿಸಬೇಕಾದದ್ದು. ಲಿವರ್ ಬಳಿ ಕೇಬಲ್ ಬಿಗಿಮಾಡುವ ಅಡ್ಜಸ್ಟರನ್ನು ನಾಲ್ಕು ಸುತ್ತು ತಿರುಗಿಸಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಮಾಡಿದಾಗ ಕೇಬಲ್ ಎಳೆಯುವ ಕ್ಯಾಲಿಪರ್ ತೋಳು ಮೊದಲೇ ಅರ್ಧ ದೂರ ಸಾಗಿ ನಿಂತಿರುತ್ತದೆ, ಒತ್ತಲು ಉಳಿದಿರುವ ದೂರವೇ ಕಡಿಮೆ.

ಸರಿಯಾದ ಕ್ರಮ ಹೀಗಿದೆ. ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ ಅರ್ಧ ಸುತ್ತು ಹಿಂದಕ್ಕೆ ತನ್ನಿ. ಕೇಬಲ್ ಹಿಡಿದಿರುವ ಬೋಲ್ಟ್ ಸಡಿಲಿಸಿ ತೋಳು ತನ್ನ ಮೂಲ ಸ್ಥಾನಕ್ಕೆ ಮರಳಲಿ. ಕೇಬಲ್ ಸಡಿಲು ಹೋಗುವಷ್ಟು ಮಾತ್ರ ಎಳೆದು ಬೋಲ್ಟ್ ಬಿಗಿಯಿರಿ. ಈಗ ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ತಾಗುವವರೆಗೆ ತಂದು, ಉಜ್ಜುವುದು ನಿಲ್ಲುವಷ್ಟು ಹಿಂದೆ ಸರಿಸಿ. ಹೊಸ ಕೇಬಲ್ ಹಾಕಿದ ಮೊದಲ ವಾರದಲ್ಲಿ ಹೊರಕವಚದ ತುದಿಗಳು ತಮ್ಮ ಗೂಡುಗಳಲ್ಲಿ ಕೂರುವುದರಿಂದ ಲಿವರ್ ಸ್ವಲ್ಪ ಸಡಿಲವಾಗುವುದು ಸಹಜ. ಆ ಸಡಿಲವನ್ನು ಮಾತ್ರ ಅಡ್ಜಸ್ಟರಿನಿಂದ ಸರಿಪಡಿಸಬಹುದು. ಪ್ಯಾಡ್ ಸವೆತವನ್ನು ಕೇಬಲ್ ಎಳೆದು ಸರಿದೂಗಿಸಬಾರದು.

ಹೈಡ್ರಾಲಿಕ್ ಆದರೆ ಲಿವರನ್ನು ಬೇಗ ಬೇಗ ಐದಾರು ಬಾರಿ ಒತ್ತಿ. ಹಾಗೆ ಮಾಡಿದಾಗ ಗಟ್ಟಿಯಾಗಿ, ಹಾಗೆಯೇ ಉಳಿದರೆ ಪ್ಯಾಡನ್ನು ತಳ್ಳುವ ಪಿಸ್ಟನ್‌ಗಳು ಹಿಂದಕ್ಕೆ ಸರಿದಿದ್ದವು ಅಷ್ಟೇ. ಗಟ್ಟಿಯಾಗಿ ಮತ್ತೆ ಮೆತ್ತಗಾದರೆ ಒಳಗೆ ಗಾಳಿ ಇದೆ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಕೆಲಸ ಮಾಡಿದಾಗ ಲಿವರ್ ಬಳಿಯ ಪುಟ್ಟ ತೊಟ್ಟಿಯಲ್ಲಿರುವ ಗಾಳಿ ಕೊಳವೆಯೊಳಗೆ ಇಳಿಯುವುದುಂಟು. ನೆಟ್ಟಗೆ ನಿಲ್ಲಿಸಿ, ಲಿವರನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ರಾತ್ರಿ ಹಾಗೆಯೇ ಬಿಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಬ್ಲೀಡ್ ಮಾಡಿಸಬೇಕು, ಅಂದರೆ ಹೊಸ ದ್ರವ ಹಾಕಿ ಒಳಗಿನ ಗಾಳಿಯನ್ನು ಹೊರಹಾಕಿಸಬೇಕು.

ಬ್ಲೀಡ್ ಮಾಡುವಾಗ ಯಾವ ದ್ರವ ಹಾಕುತ್ತಾರೆ ಎಂದು ನಿಂತು ನೋಡಿ. ಶಿಮಾನೊ ಮತ್ತು ಟೆಕ್ಟ್ರೋ ಕಂಪನಿಗಳ ಬ್ರೇಕ್‌ಗಳಿಗೆ ಮಿನರಲ್ ಆಯಿಲ್. ಸ್ರಾಮ್‌ನ ಅನೇಕ ಮಾದರಿಗಳಿಗೆ ಡಾಟ್ ದ್ರವ. ದ್ವಿಚಕ್ರ ವಾಹನದ ಬಿಡಿಭಾಗದ ಅಂಗಡಿಯಲ್ಲಿ ಕೈಗೆ ಸಿಗುವುದು ಡಾಟ್ ದ್ರವ, ಮೋಟಾರ್ ಬೈಕ್‌ಗೆ ಬೇಕಾದದ್ದು. ಅದನ್ನು ಮಿನರಲ್ ಆಯಿಲ್ ಬ್ರೇಕಿಗೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಕೆಡುತ್ತವೆ, ಆಮೇಲೆ ಇಡೀ ಬ್ರೇಕ್ ಬದಲಿಸುವುದೊಂದೇ ದಾರಿ. ಲಿವರ್ ಮೇಲೆ ಅಥವಾ ಮುಚ್ಚಳದ ಮೇಲೆ ಯಾವ ದ್ರವ ಎಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ, ಓದಿ. ಬ್ಲೀಡ್‌ಗೆ ಮೊದಲು ಚಕ್ರವನ್ನೂ ಪ್ಯಾಡನ್ನೂ ತೆಗೆದಿಡಬೇಕು, ಚೆಲ್ಲಿದ ಒಂದು ಹನಿಯೂ ಅವುಗಳ ಮೇಲೆ ಬೀಳಬಾರದು.

ಸವೆತದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಶಿಮಾನೊ ಪ್ಯಾಡಿನಲ್ಲಿ ಉಜ್ಜುವ ಪದಾರ್ಥ 0.5 ಮಿಲಿಮೀಟರ್‌ಗೆ ಇಳಿದರೆ ಬದಲಿಸಬೇಕು. ಅವರ ಡಿಸ್ಕ್ ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಬಂದರೆ ಮುಗಿಯಿತು. ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಲೋಹದ ಪ್ಯಾಡ್ ಹಾಕಿಸಬೇಡಿ, ಡಿಸ್ಕ್ ಬೇಗ ತಿಂದುಹೋಗುತ್ತದೆ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣ ನಮ್ಮ ನಂದಿ ಬೆಟ್ಟ. ಅದರ ತುದಿ ಸಮುದ್ರಮಟ್ಟದಿಂದ 1478 ಮೀಟರ್, ತಪ್ಪಲಿಗಿಂತ ಸುಮಾರು 500 ಮೀಟರ್ ಮೇಲೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 4 ಲಕ್ಷ ಜೂಲ್, ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಒಂದಷ್ಟು ಭಾಗವನ್ನು ಗಾಳಿ ಮತ್ತು ಟೈರ್ ಹಂಚಿಕೊಳ್ಳುತ್ತವೆ, ಉಳಿದದ್ದು ಅಂಗೈಯಗಲದ ಎರಡು ತೆಳು ಡಿಸ್ಕ್‌ಗಳಿಗೆ. ಪಳಗದ ಪ್ಯಾಡ್ ಇಂಥ ಕಾವಿಗೆ ಮೇಲ್ಮೈ ಸುಟ್ಟು ಗಾಜಾಗುತ್ತದೆ. ಆದ್ದರಿಂದ ಸರ್ವಿಸ್ ಆದ ಮಾರನೆಯ ದಿನವೇ ಬೆಟ್ಟಕ್ಕೆ ಹೋಗಬೇಡಿ. ಹೋದಾಗಲೂ ಇಳಿಜಾರಿನುದ್ದಕ್ಕೂ ಲಿವರ್ ಎಳೆದುಕೊಂಡೇ ಇರಬೇಡಿ. ತಿರುವಿಗೆ ಮೊದಲು ಬಲವಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು ಆರಲು ಬಿಡಿ. ಕೆಳಗೆ ಬಂದು ಡಿಸ್ಕ್ ಮುಟ್ಟಿ ನೋಡಬೇಡಿ, ಬೆರಳು ಸುಡುತ್ತದೆ.

ಅಂಗಡಿಯಿಂದ ಸೈಕಲ್ ಬಿಡಿಸಿಕೊಳ್ಳುವಾಗ ಅಲ್ಲೇ ಮೂರು ಕೆಲಸ ಮಾಡಿ. ಚಕ್ರವನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಹಿಡಿ ಬಿಗಿಯಾಗಿದೆಯೇ, ಚಕ್ರ ಫೋರ್ಕಿನಲ್ಲಿ ನೇರವಾಗಿ ಕೂತಿದೆಯೇ ನೋಡಿ. ಓರೆಯಾಗಿ ಕೂತರೆ ಸರಿಯಾದ ಕ್ಯಾಲಿಪರ್ ಕೂಡ ತಪ್ಪಾಗಿ ಕಾಣುತ್ತದೆ. ಯಾವ ಲಿವರ್ ಯಾವ ಚಕ್ರಕ್ಕೆ ಎಂದು ಒತ್ತಿ ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಬಲಗೈ ಸಾಮಾನ್ಯವಾಗಿ ಮುಂದಿನದು, ಕೇಬಲ್ ಬದಲಿಸಿದಾಗ ಅದಲುಬದಲಾಗಬಹುದು. ಆಮೇಲೆ ಸೈಕಲ್ ಪಕ್ಕ ನಿಂತು ಮುಂದಿನ ಬ್ರೇಕ್ ಪೂರ್ತಿ ಒತ್ತಿ ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳಬೇಕು. ಏಳದೆ ಮುಂದಿನ ಚಕ್ರ ಉರುಳಿದರೆ ಹಣ ಕೊಡುವ ಮೊದಲೇ ಮರಳಿಸಿ, ಲಿವರ್ ಗಟ್ಟಿಯಿದೆಯೋ ಮೆತ್ತಗಿದೆಯೋ ಎಂಬುದನ್ನೂ ಮೆಕ್ಯಾನಿಕ್‌ಗೆ ಹೇಳಿ. ಎಲ್ಲಿಂದ ಹುಡುಕಬೇಕು ಎಂದು ಅವನಿಗೆ ಅಷ್ಟರಲ್ಲೇ ತಿಳಿಯುತ್ತದೆ.