ವೃತ್ತಿಯ ಕನಸಿಗೂ ಭಾಷೆಯುಂಟೆ? ಕೆನಡಾದ ಹಳೇ ಗೋಜಲು

ಇಂಗ್ಲಿಷ್ ಮನೆಮಾತಿನ ಮಕ್ಕಳು ಸಂಬಳ, ಬಡ್ತಿ ನೋಡಿ ವೃತ್ತಿ ಆರಿಸುತ್ತಾರೆ, ಫ್ರೆಂಚ್ ಮಕ್ಕಳಿಗೆ ಮನಸ್ಸಿಗೊಗ್ಗುವ ಕೆಲಸ, ಮನೆಮಂದಿ ಮುಖ್ಯ: ಕೆನಡಾದಲ್ಲಿ ಈ ಮಾತು ಬಹಳ ಹಳೆಯದು. ಇದರ ಬೇರು ಫ್ರೆಂಚ್ ಮಾತಿನವರೇ ಹೆಚ್ಚಿರುವ ಕ್ವೆಬೆಕ್ ಪ್ರಾಂತ್ಯದಲ್ಲಿದೆ. 1960ಕ್ಕೆ ಮುಂಚೆ ಅಲ್ಲಿ ಫ್ರೆಂಚರ ಉನ್ನತ ಓದು ಬಹುಮಟ್ಟಿಗೆ ಚರ್ಚಿನ ಕ್ಲಾಸಿಕಲ್ ಕಾಲೇಜುಗಳಲ್ಲಿ ನಡೆಯುತ್ತಿತ್ತು. 8 ವರ್ಷ ಓದಿದವರು ಪಾದ್ರಿಯೋ ವಕೀಲರೋ ವೈದ್ಯರೋ ಆಗುತ್ತಿದ್ದರು. ದೊಡ್ಡ ವ್ಯಾಪಾರದಲ್ಲಿ ಇಂಗ್ಲಿಷಿನದೇ ಕಾರುಬಾರು. 1961ರ ಜನಗಣತಿ ಹಿಡಿದು ಕೆನಡಾ ಸರಕಾರದ ದ್ವಿಭಾಷಾ ಆಯೋಗ ಲೆಕ್ಕ ಹಾಕಿದಾಗ, ಪ್ರಾಂತ್ಯದ 14 ಜನಾಂಗಗಳ ಆದಾಯದ ಪಟ್ಟಿಯಲ್ಲಿ ಫ್ರೆಂಚ್ ಮೂಲದವರು 12ನೆಯವರು. ಏಣಿಯೇ ಇಲ್ಲದ ಕಡೆ ಏರುವ ಆಸೆ ಕಮ್ಮಿಯಿದ್ದರೆ ಅದನ್ನು ಸಂಸ್ಕೃತಿ ಎನ್ನುವುದು ಹೇಗೆ?

ಏಣಿ ಬಂದದ್ದು ಆಮೇಲೆ: 1964ರಲ್ಲಿ ಪ್ರಾಂತ್ಯಕ್ಕೆ ಶಿಕ್ಷಣ ಇಲಾಖೆ ಬಂತು, 1967ರಲ್ಲಿ ಶಾಲೆ ಮುಗಿಸಿದವರಿಗೆ ಸೆಜೆಪ್ ಎಂಬ ಸರಕಾರಿ ಕಾಲೇಜು, 1977ರಲ್ಲಿ ಫ್ರೆಂಚನ್ನು ಕೆಲಸದ ಭಾಷೆ ಮಾಡಿದ ಕಾನೂನು.

ಗೋಜಲಾದದ್ದು ಎರಡೂ ಭಾಷೆಯ ಮಕ್ಕಳ ಆಸೆಗಳನ್ನು ಅಳೆಯಲು ಹೊರಟಾಗ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಸೂಪರ್ ಮುಂದಾಳತ್ವದ ಅಂತರರಾಷ್ಟ್ರೀಯ ಅಧ್ಯಯನದ ಅಂಗವಾಗಿ 1980ರ ದಶಕದಲ್ಲಿ ಎರಡೂ ಭಾಷೆಯ ಪ್ರಶ್ನಾವಳಿ ತಯಾರಾಯಿತು. ಬಡ್ತಿ, ಭದ್ರತೆಯಂಥ 20 ಮೌಲ್ಯ, ಒಂದೊಂದಕ್ಕೆ 5 ವಾಕ್ಯ, ಎಷ್ಟು ಮುಖ್ಯ ಎನ್ನುವುದಕ್ಕೆ ತಕ್ಕಂತೆ ವಾಕ್ಯಕ್ಕೆ 1ರಿಂದ 4 ಅಂಕ. ಹಾಗಾಗಿ ಒಂದು ಮೌಲ್ಯಕ್ಕೆ ಕನಿಷ್ಠ 5, ಗರಿಷ್ಠ 20.

ಇಂಥ ಅಳತೆ ಎಡವುವುದು ಎರಡು ಕಡೆ. ಮೊದಲನೆಯದು ಅನುವಾದ. ಇಂಗ್ಲಿಷಿನ 'ಅಚೀವ್‌ಮೆಂಟ್'ನಲ್ಲಿ ಗೆಲುವಿನ ವಾಸನೆಯಿದೆ. ಫ್ರೆಂಚಿನ 'ಅಕಂಪ್ಲಿಸ್ಮಾಂ' ಕೈಗೂಡಿದ ತೃಪ್ತಿಯ ಕಡೆ ವಾಲುತ್ತದೆ. ಫ್ರೆಂಚಿನಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿದರೆ ತಪ್ಪು ಸಿಗುತ್ತದೆ, ಈ ವಾಸನೆ ಸಿಗುವುದಿಲ್ಲ. ಎರಡನೆಯದು ಟಿಕ್ ಹಾಕುವ ಚಾಳಿ. ಕೆಲವರು ಎಲ್ಲದಕ್ಕೂ 4 ಕೊಡುತ್ತಾರೆ. ಬಡ್ತಿಗೆ 16 ಅಂಕ ಕೊಟ್ಟವಳ ಎಲ್ಲ ಮೌಲ್ಯಗಳ ಸರಾಸರಿ 15, 14 ಕೊಟ್ಟವಳದು 12 ಎಂದಿಟ್ಟುಕೊಳ್ಳಿ. ಬಡ್ತಿಯ ಹಂಬಲ ಹೆಚ್ಚಿರುವುದು ಎರಡನೆಯವಳಿಗೆ. ಅವರವರ ಸರಾಸರಿ ಕಳೆಯದೆ ಹೋಲಿಸಿದರೆ ಉತ್ತರ ತಲೆಕೆಳಗು.

ಇನ್ನು ಶಾಲೆಯ ಲೆಕ್ಕ. ಕ್ವೆಬೆಕ್‌ನಲ್ಲಿ ಶಾಲೆ 11ನೇ ತರಗತಿಗೇ ಮುಗಿಯುತ್ತದೆ. ಆಮೇಲೆ ಸೆಜೆಪ್, ಹೆಚ್ಚುಕಮ್ಮಿ ನಮ್ಮ ಪಿಯುಸಿಯ ಜಾಗದಲ್ಲಿ: ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ 2 ವರ್ಷ, ನೇರ ಕೆಲಸಕ್ಕೆ ಒಯ್ಯುವ ತಾಂತ್ರಿಕ ಕೋರ್ಸಿಗೆ 3. ಒಂಟಾರಿಯೊದ 17ರ ಹುಡುಗ ಇನ್ನೂ 12ನೇ ತರಗತಿಯಲ್ಲಿರುವಾಗ ಕ್ವೆಬೆಕ್‌ನವನು ಈ ಕವಲು ದಾಟಿರುತ್ತಾನೆ. 'ಕೆಲಸದ ಭದ್ರತೆ' ಎಂಬ ವಾಕ್ಯ ಇಬ್ಬರಿಗೂ ಒಂದೇ ಥರ ಕೇಳಿಸೀತೆ?

ಒಂಟಾರಿಯೊ, ನ್ಯೂ ಬ್ರನ್ಸ್‌ವಿಕ್‌ಗಳ ಫ್ರೆಂಚ್ ಶಾಲೆಗಳಲ್ಲಿ ಮಾತ್ರ ನೆರೆಯ ಇಂಗ್ಲಿಷ್ ಮಕ್ಕಳಂತೆ 12ರವರೆಗೆ ಓದು. ಭಾಷೆಯೊಂದೇ ಬೇರೆ. ಹಾಗಾಗಿ ವ್ಯತ್ಯಾಸ ಭಾಷೆಯದೋ ಶಾಲೆಯದೋ ಎಂಬ ಸುಳಿವು ಸಿಗುವುದು ಇವರಿಂದಲೇ. ಅವರನ್ನೂ ಕ್ವೆಬೆಕ್ ಮಕ್ಕಳನ್ನೂ 'ಫ್ರೆಂಚ್' ಎಂಬ ಒಂದೇ ಕಾಲಮ್ಮಿಗೆ ಸೇರಿಸಿದರೆ, ಇದ್ದೊಂದು ಸುಳಿವೂ ಹೋಯಿತು.